ರಸಾಯನ ಪ್ರಶ್ನೋತ್ತರ: ತೂಕದಿಂದ ಎಣಿಕೆಗೆ

ಪಿಯುಸಿ ತರಗತಿಗಳು ಶುರುವಾಗಿ ಒಂದು ತಿಂಗಳಾಗುತ್ತಿದ್ದಂತೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಎನ್‌ಸಿಇಆರ್‌ಟಿ ಪುಸ್ತಕದ ಮೊದಲ ಪಾಠದಲ್ಲೇ ಮೋಲ್, ಶೇಕಡಾ ಸಂಯೋಜನೆ, ಎಂಪಿರಿಕಲ್ ಸೂತ್ರ (ಸಂಯುಕ್ತದಲ್ಲಿರುವ ಪರಮಾಣುಗಳ ಅತಿ ಸರಳ ಅನುಪಾತ) ಎಲ್ಲ ಬರುತ್ತವೆ. ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷೂ ಹೊಸದು, ಲೆಕ್ಕವೂ ಹೊಸದು. ಮಲೆನಾಡಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾಲದಿಂದ ನೋಡಿದ್ದೇನೆ, ಈ ಪಾಠದಲ್ಲಿ ಎಡವಿದವರು ಎರಡು ವರ್ಷವೂ ರಸಾಯನಶಾಸ್ತ್ರಕ್ಕೆ ಹೆದರಿಕೊಂಡೇ ಇರುತ್ತಾರೆ. ಜಾಣರೂ ಹೆದರುತ್ತಾರೆ, ಅದೇ ನನಗೆ ಬೇಸರ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಈ ಪಾಠಕ್ಕೆ. ಅಡಿಕೆ ತೋಟದಿಂದ ಬಂದ ಪತ್ರ, ಗೊಬ್ಬರದ ಚೀಲದ ಪತ್ರ ಎರಡನ್ನೂ ಬೇಕೆಂದೇ ಸೇರಿಸಿದ್ದೇನೆ. ಅವೂ ಇದೇ ಪಾಠದ ಪ್ರಶ್ನೆಗಳು.

ಪ್ರಶ್ನೆ: ಮೇಡಂ, ಮೋಲ್ ಅಂದರೆ ತೂಕವೋ ಸಂಖ್ಯೆಯೋ? 18 ಗ್ರಾಂ ನೀರು ಒಂದು ಮೋಲ್ ಅಂತಾರೆ, 6.022 × 10²³ ಅಣುಗಳೂ ಒಂದು ಮೋಲ್ ಅಂತಾರೆ. ಸೂತ್ರಗಳೆಲ್ಲ ಬಾಯಿಪಾಠ ಇವೆ. ಲೆಕ್ಕಕ್ಕೆ ಕೂತರೆ ಯಾವುದರಿಂದ ಯಾವುದನ್ನು ಭಾಗಿಸಬೇಕು ಅನ್ನುವುದೇ ತಿಳಿಯುವುದಿಲ್ಲ.
— ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಸಂಖ್ಯೆ, ಮಗೂ. ಮೋಲ್ ಎಂದರೆ ಎಣಿಕೆ. ಆ ಎಣಿಕೆಯನ್ನು ಮುಟ್ಟಲು ನಮಗಿರುವ ದಾರಿ ತೂಕ, ಏಕೆಂದರೆ ಪರಮಾಣುಗಳನ್ನು ಒಂದೊಂದಾಗಿ ಎಣಿಸುತ್ತ ಕೂರಲು ಆಗುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಬೋಲ್ಟು, ನಟ್ಟುಗಳನ್ನು ತೂಗಿ ಕೊಡುತ್ತಾರೆ. ಒಂದು ಬೋಲ್ಟು 30 ಗ್ರಾಂ, ಒಂದು ನಟ್ಟು 10 ಗ್ರಾಂ ಎಂದಿಟ್ಟುಕೋ. ಒಂದೊಂದು ಕೆಜಿ ತಂದರೆ ಬೋಲ್ಟು ಸುಮಾರು 33, ನಟ್ಟು 100. ತೂಕ ಸಮ, ಜೋಡಿ ಮಾತ್ರ ಕೂಡುವುದಿಲ್ಲ. ರಾಸಾಯನಿಕ ಕ್ರಿಯೆಯಲ್ಲೂ ಕೂಡುವುದು ಇಷ್ಟಕ್ಕೆ ಇಷ್ಟು ಪರಮಾಣು ಎಂಬ ಲೆಕ್ಕದಲ್ಲೇ. ತಕ್ಕಡಿ ಹೇಳುವುದು ಗ್ರಾಂ. ಅದನ್ನು ಎಣಿಕೆಗೆ ತಿರುಗಿಸದೆ ಒಂದು ವಸ್ತುವನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಬಾರದು. ಈ ಪಾಠದಲ್ಲಿ ನನಗೆ ಹೇಳಬೇಕಾಗಿರುವುದೇ ಇದು. ಕೆಳಗಿನ ಉತ್ತರಗಳಲ್ಲೆಲ್ಲ ಇದನ್ನೇ ಕಾಣುತ್ತೀಯ.

ಯಾವುದರಿಂದ ಯಾವುದನ್ನು ಭಾಗಿಸಬೇಕು ಎಂದು ಕೇಳಿದ್ದೀಯ. ಕೈಯಲ್ಲಿರುವ ತೂಕ ಮೇಲೆ, ಒಂದು ಮೋಲ್‌ನ ತೂಕ ಕೆಳಗೆ. 9 ಗ್ರಾಂ ನೀರಿದ್ದರೆ 9 ಭಾಗಿಸು 18, ಅಂದರೆ ಅರ್ಧ ಮೋಲ್. ಅದೇ 18 ಗ್ರಾಂ ಸಕ್ಕರೆ ತೆಗೆದುಕೋ, ಸಕ್ಕರೆಯ ಒಂದು ಮೋಲ್ 342 ಗ್ರಾಂ, ಹಾಗಾಗಿ ಸಿಗುವುದು 0.053 ಮೋಲ್ ಮಾತ್ರ. ತೂಕ ಅಷ್ಟೇ, ಆದರೆ ಅಣುಗಳ ಸಂಖ್ಯೆ 18 ಗ್ರಾಂ ನೀರಿನದಕ್ಕಿಂತ ಹತ್ತೊಂಬತ್ತು ಪಟ್ಟು ಕಡಿಮೆ. ಸಕ್ಕರೆಯ ಅಣು ಅಷ್ಟು ಭಾರ.

6.022 × 10²³ ನೋಡಿ ಗಾಬರಿಯಾಗಬೇಡ. "ಎಷ್ಟು ಅಣುಗಳಿವೆ" ಎಂದು ನೇರವಾಗಿ ಕೇಳಿದಾಗ ಮಾತ್ರ ಅದು ಬೇಕು. ಹಳೆಯ ಪುಸ್ತಕಗಳಲ್ಲಿ "12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟು" ಎಂದು ಮೋಲ್‌ಗೆ ಅರ್ಥ ಕೊಟ್ಟಿರುತ್ತಾರೆ. ತೂಕವೋ ಸಂಖ್ಯೆಯೋ ಎಂಬ ನಿನ್ನ ಗೊಂದಲಕ್ಕೆ ಮೂಲ ಅದೇ ಇರಬೇಕು. 2019ರ ಮೇ 20ರಿಂದ ಆ ಸುತ್ತುದಾರಿ ಇಲ್ಲ. ಒಂದು ಮೋಲ್ ಎಂದರೆ ಸರಿಯಾಗಿ 6.02214076 × 10²³ ಕಣಗಳು, ತೂಕದ ಮಾತೇ ಇಲ್ಲ. ಅವೊಗಾಡ್ರೊಗೆ ಈ ಸಂಖ್ಯೆ ಗೊತ್ತಿರಲೇ ಇಲ್ಲ. ಒಂದೇ ಒತ್ತಡ, ಒಂದೇ ಉಷ್ಣತೆಯಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳೂ ಸಮ ಎಂದು ಅವನು 1811ರಲ್ಲಿ ಹೇಳಿದ. ಈ ಸಂಖ್ಯೆಗೆ ಅವನ ಹೆಸರಿಟ್ಟವನು ಫ್ರಾನ್ಸಿನ ಜೀನ್ ಪೆರಿನ್, 1909ರಲ್ಲಿ.

ಪ್ರಶ್ನೆ: ಒಂದು ಕಬ್ಬಿಣದ ಆಕ್ಸೈಡಿನಲ್ಲಿ ಶೇ 72.4 ಕಬ್ಬಿಣ, ಶೇ 27.6 ಆಮ್ಲಜನಕ. ಎಂಪಿರಿಕಲ್ ಸೂತ್ರ ಕಂಡುಹಿಡಿಯಬೇಕು. ನನಗೆ 1 : 1.33 ಬಂತು. 1.33 ಅನ್ನು 1 ಮಾಡಿ ಒಂದು ಕಬ್ಬಿಣ, ಒಂದು ಆಮ್ಲಜನಕ ಎಂದು ಬರೆದೆ. ನನ್ನ ಗೆಳೆಯ ಮೂರು ಕಬ್ಬಿಣ, ಎರಡು ಆಮ್ಲಜನಕ ಎಂದು ಬರೆದ. ಇಬ್ಬರಿಗೂ ಸೊನ್ನೆ.
— ವಿದ್ಯಾರ್ಥಿ, ಸಂಡೂರು

ಉತ್ತರ: ಸಂಡೂರಿನಿಂದ ಕಬ್ಬಿಣದ ಆಕ್ಸೈಡಿನ ಪ್ರಶ್ನೆ ಬಂದದ್ದು ನನಗೆ ತುಂಬ ಖುಷಿ ಕೊಟ್ಟಿತು. ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನೂರು ಗ್ರಾಂ ಆಕ್ಸೈಡ್ ಇದೆ ಎಂದು ಹಿಡಿದರೆ ಶೇಕಡಾಗಳೇ ಗ್ರಾಂ ಆಗುತ್ತವೆ. ಕಬ್ಬಿಣ 72.4 ಭಾಗಿಸು 55.85, ಬಂದದ್ದು 1.296 ಮೋಲ್. ಆಮ್ಲಜನಕ 27.6 ಭಾಗಿಸು 16, ಬಂದದ್ದು 1.725 ಮೋಲ್. ಚಿಕ್ಕದರಿಂದ ಎರಡನ್ನೂ ಭಾಗಿಸಿದರೆ 1 : 1.33. ಇಲ್ಲಿಯವರೆಗೆ ನೀನು ಮಾಡಿದ್ದೆಲ್ಲ ಸರಿ.

ನಿನ್ನ ಗೆಳೆಯ ಆಮ್ಲಜನಕವನ್ನು 32ರಿಂದ ಭಾಗಿಸಿದ್ದಾನೆ. ಗಾಳಿಯ ಆಮ್ಲಜನಕ ಜೋಡಿಯಾಗಿ ಇರುತ್ತದೆ ಎಂಬುದು ಅವನ ತಲೆಯಲ್ಲಿದೆ. ಆದರೆ ಆಕ್ಸೈಡಿನ ಒಳಗೆ ಆ ಜೋಡಿ ಇಲ್ಲ. ಸೂತ್ರದಲ್ಲಿ ನಾವು ಎಣಿಸುವುದು ಬಿಡಿ ಪರಮಾಣುಗಳನ್ನು, ಹಾಗಾಗಿ 16. ಮೋಲ್ ಎಂದು ಬರೆಯುವಾಗಲೆಲ್ಲ "ಯಾವುದರ ಮೋಲ್?" ಎಂದು ಪಕ್ಕದಲ್ಲಿ ಬರೆದುಕೊಂಡರೆ ಈ ತಪ್ಪು ಆಗುವುದಿಲ್ಲ.

ಇನ್ನು ನಿನ್ನ 1.33. ಅದನ್ನು 1ಕ್ಕೆ ಇಳಿಸಲು ನಿನಗೆ ಅಧಿಕಾರವಿಲ್ಲ. 1.98 ಬಂದರೆ 2 ಎನ್ನು, 3.02 ಬಂದರೆ 3 ಎನ್ನು, ಆ ಚೂರು ವ್ಯತ್ಯಾಸ ತೂಗುವುದರಲ್ಲಿ ಆದದ್ದು. 1.33 ಎಂಬುದು ಮೂರರಲ್ಲಿ ನಾಲ್ಕು. ಎರಡೂ ಕಡೆ ಮೂರರಿಂದ ಗುಣಿಸು, 3 : 4 ಬರುತ್ತದೆ. ಉತ್ತರ ಮೂರು ಕಬ್ಬಿಣಕ್ಕೆ ನಾಲ್ಕು ಆಮ್ಲಜನಕ. ಇದೇ ರೀತಿ ದಶಮಾಂಶ .5 ಬಂದರೆ ಎರಡರಿಂದ, .33 ಅಥವಾ .67 ಬಂದರೆ ಮೂರರಿಂದ, .25 ಅಥವಾ .75 ಬಂದರೆ ನಾಲ್ಕರಿಂದ. ನಡುವೆ ಎಲ್ಲಿಯೂ ಅಂಕಿ ಮೊಟಕು ಮಾಡಬೇಡ. 1.296 ಅನ್ನು ಮೊದಲೇ 1.3 ಎಂದು, 1.725 ಅನ್ನು 1.7 ಎಂದು ಬರೆದುಬಿಟ್ಟರೆ 1.31 ಬರುತ್ತದೆ, ಅದು ಮೂರರಲ್ಲಿ ನಾಲ್ಕೋ ಇನ್ನೇನೋ ಎಂದು ಒದ್ದಾಡಬೇಕಾಗುತ್ತದೆ.

ಸರಿಯೋ ಎಂದು ನೋಡಲು ಬರೆದ ಸೂತ್ರದಿಂದ ಹಿಂದಕ್ಕೆ ಬಾ. ಮೂರು ಕಬ್ಬಿಣ 167.55, ನಾಲ್ಕು ಆಮ್ಲಜನಕ 64, ಒಟ್ಟು 231.55. ಕಬ್ಬಿಣದ ಪಾಲು ಶೇ 72.4. ಸರಿಹೋಯಿತು. ನೀನು ಬರೆದ ಒಂದಕ್ಕೊಂದರ ಸೂತ್ರಕ್ಕೆ ಶೇ 77.7 ಕಬ್ಬಿಣ ಬೇಕಿತ್ತು. ಅರ್ಧ ನಿಮಿಷದ ಈ ಕೆಲಸ ಮಾಡಿದ್ದರೆ ತಪ್ಪು ಅಲ್ಲೇ ಸಿಗುತ್ತಿತ್ತು.

ಈ ಆಕ್ಸೈಡಿಗೆ ಹೆಸರಿದೆ, ಮ್ಯಾಗ್ನೆಟೈಟ್. ಆಯಸ್ಕಾಂತ ಇದನ್ನು ಜೋರಾಗಿ ಸೆಳೆಯುತ್ತದೆ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆದು ತೆಗೆದದ್ದು ಮ್ಯಾಗ್ನೆಟೈಟ್ ಅದಿರು. ನಿಮ್ಮೂರಿನ ಬೆಟ್ಟಗಳ ಕೆಂಪು ಅದಿರಿನಲ್ಲಿರುವುದು ಹೆಮಟೈಟ್, ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ. ಶುದ್ಧ ಹೆಮಟೈಟಿನಲ್ಲಿ ಕಬ್ಬಿಣ ಶೇ 69.9. ಮ್ಯಾಗ್ನೆಟೈಟಿಗೂ ಇದಕ್ಕೂ ಶೇಕಡಾದಲ್ಲಿ ಎರಡೂವರೆಯಷ್ಟೇ ವ್ಯತ್ಯಾಸ, ಆದರೆ ಮೋಲ್‌ಗೆ ತಿರುಗಿಸಿದರೆ ಒಂದು ಕಡೆ 1.33, ಇನ್ನೊಂದು ಕಡೆ 1.50. ತೂಕದಲ್ಲಿ ಹತ್ತಿರ ಹತ್ತಿರ ಕಂಡದ್ದು ಎಣಿಕೆಯಲ್ಲಿ ಬೇರೆ ಬೇರೆ. ಗಣಿಯಿಂದ ಬರುವ ಅದಿರಿನಲ್ಲಿ ಕಲ್ಲು, ಜೇಡಿ ಬೆರೆತಿರುತ್ತದೆ, ಆದ್ದರಿಂದ ಹೆಮಟೈಟ್ ಅದಿರಿನಲ್ಲಿ ಕಬ್ಬಿಣ ಶೇ 70 ದಾಟುವುದಿಲ್ಲ. ಯಾರಾದರೂ ಶೇ 75 ಇದೆ ಎಂದರೆ ನಂಬಬೇಡ. ನಿನ್ನ ಹತ್ತಿರ ಈಗ ಅದನ್ನು ಅಲ್ಲಗಳೆಯುವ ಲೆಕ್ಕ ಇದೆ.

ಪ್ರಶ್ನೆ: ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕುತ್ತೇವೆ. ತಂದೆಯವರ ಕಾಲದಿಂದ ಹೀಗೇ. ಪಿಯುಸಿ ಓದುವ ಮಗ ಲೆಕ್ಕ ಹಾಕಿ "ಅಪ್ಪಾ, ಮುನ್ನೂರು ಗ್ರಾಂ ಸುಣ್ಣ ಸಾಕು" ಅನ್ನುತ್ತಿದ್ದಾನೆ. ಅವನ ಮಾತು ಕೇಳಬಹುದೇ?
— ಕೃಷಿಕರು, ತೀರ್ಥಹಳ್ಳಿ

ಉತ್ತರ: ಮಗನ ಲೆಕ್ಕ ಸರಿಯಾಗಿದೆ. ಬೆನ್ನು ತಟ್ಟಿ. ಸುಣ್ಣ ಮಾತ್ರ ಕಡಿಮೆ ಮಾಡಬೇಡಿ.

ಅವನು ಮಾಡಿದ್ದು ಹೀಗಿರಬೇಕು. ಮೈಲುತುತ್ತದ ಹರಳಿನಲ್ಲಿ ಪ್ರತಿ ತಾಮ್ರದ ಸಲ್ಫೇಟಿನ ಜೊತೆ ಐದು ನೀರಿನ ಅಣುಗಳಿವೆ, ಒಂದು ಮೋಲ್ 249.7 ಗ್ರಾಂ. ಹಾಗಾಗಿ ಒಂದು ಕೆಜಿಯಲ್ಲಿ ಹೆಚ್ಚುಕಡಿಮೆ ನಾಲ್ಕು ಮೋಲ್. ಅದರಲ್ಲಿರುವ ತಾಮ್ರ 254 ಗ್ರಾಂ ಮಾತ್ರ, ಉಳಿದದ್ದು ಸಲ್ಫೇಟು, ನೀರು. ಅರಳಿದ ಸುಣ್ಣದ ಒಂದು ಮೋಲ್ 74.1 ಗ್ರಾಂ. ಒಂದು ತಾಮ್ರಕ್ಕೆ ಒಂದು ಸುಣ್ಣ ಎಂದರೆ ನಾಲ್ಕು ಮೋಲ್‌ಗೆ 296 ಗ್ರಾಂ. ಪುಸ್ತಕದ ಪ್ರಕಾರ ನಿಮ್ಮ ಹುಡುಗನಿಗೆ ಪೂರ್ಣ ಅಂಕ. ನೀವು ಹಾಕುವ ಒಂದು ಕೆಜಿ ಅರಳಿದ ಸುಣ್ಣದಲ್ಲಿ 13.5 ಮೋಲ್ ಇದೆ, ಬೇಕಾದದ್ದರ ಮೂರು ಪಟ್ಟಿಗಿಂತ ಹೆಚ್ಚು.

ಆದರೆ ಆ ಹೆಚ್ಚಳಕ್ಕೆ ಕಾರಣವಿದೆ. ಚೀಲದಲ್ಲಿರುವುದೆಲ್ಲ ಸುಣ್ಣವೇ ಆಗಿರುವುದಿಲ್ಲ. ಕಟ್ಟು ಬಿಚ್ಚಿಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಿನ ಪುಡಿಯಾಗುತ್ತ ಹೋಗುತ್ತದೆ, ಆ ಪುಡಿ ಈ ಕೆಲಸಕ್ಕೆ ಬಾರದು. ಒಂದು ಕೆಜಿಯಲ್ಲಿ ನಿಜವಾದ ಸುಣ್ಣ 400 ಗ್ರಾಂ ಉಳಿದಿದೆ ಎಂದುಕೊಳ್ಳಿ, ಆಗ 5.4 ಮೋಲ್, ಇನ್ನೂ ಸಾಕು. 250 ಗ್ರಾಂ ಮಾತ್ರ ಉಳಿದಿದ್ದರೆ 3.4 ಮೋಲ್, ಸಾಲದು. ಮಗ ಲೆಕ್ಕಕ್ಕೆ ಸೇರಿಸಬೇಕಾದ ಅಂಕಿ ಇದೊಂದೇ, ಸುಣ್ಣದ ಶುದ್ಧತೆ. ಜೊತೆಗೆ ಬೋರ್ಡೋದಲ್ಲಿ ಆಗುವ ಕ್ರಿಯೆ ಪುಸ್ತಕದ ಒಂದು ಸಾಲಿನ ಸಮೀಕರಣದಷ್ಟು ಸರಳವಲ್ಲ. ಆ ನೀಲಿ ಗಂಜಿಯಲ್ಲಿ ತಾಮ್ರದ ಹೈಡ್ರಾಕ್ಸೈಡಿನ ಜೊತೆ ಕ್ಷಾರೀಯ ಸಲ್ಫೇಟುಗಳೂ ಜಿಪ್ಸಮ್ಮೂ ಇರುತ್ತವೆ.

ಸುಣ್ಣ ಹೆಚ್ಚಾದರೆ ದ್ರಾವಣ ಕ್ಷಾರೀಯವಾಗಿರುತ್ತದೆ, ಅಷ್ಟೇ. ಕಡಿಮೆಯಾದರೆ ತಾಮ್ರ ನೀರಿನಲ್ಲಿ ಕರಗಿಯೇ ಉಳಿಯುತ್ತದೆ. ಅದು ಎಳೆ ಕಾಯಿ, ಸಿಂಗಾರವನ್ನು ಸುಡುತ್ತದೆ, ಮೊದಲ ಜಡಿಮಳೆಗೆ ತೊಳೆದೂ ಹೋಗುತ್ತದೆ. ಆದ್ದರಿಂದ ಮೊದಲು ಮುಗಿಯಬೇಕಾದದ್ದು ತಾಮ್ರ, ಉಳಿಯಬೇಕಾದದ್ದು ಸುಣ್ಣ. ಹೀಗೆ ಮೊದಲು ಮುಗಿಯುವ ವಸ್ತುವಿನ ಬಗ್ಗೆ ಮಗನ ಪುಸ್ತಕದಲ್ಲಿ "ಲಿಮಿಟಿಂಗ್ ರಿಯೇಜೆಂಟ್" ಎಂಬ ಭಾಗ ಬರುತ್ತದೆ. ಅವನಿಗೆ ಅದನ್ನು ತೋಟದಲ್ಲೇ ತೋರಿಸಬಹುದು.

ತೋರಿಸುವ ಬಗೆ ನಿಮಗೆ ಗೊತ್ತಿರುವುದೇ, ಚಾಕುವಿನ ಪರೀಕ್ಷೆ. ಉಜ್ಜಿ ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಕರಗಿದ ತಾಮ್ರ ಉಳಿದಿದೆ ಎಂದರ್ಥ. ಒಂದು ಕಬ್ಬಿಣದ ಪರಮಾಣು ನೀರಿಗಿಳಿದು ಒಂದು ತಾಮ್ರದ ಪರಮಾಣುವನ್ನು ಹೊರಗೆ ಹಾಕಿದೆ. ಸುಣ್ಣದ ತಿಳಿ ಇನ್ನಷ್ಟು ಸೇರಿಸಿ ಮತ್ತೆ ನೋಡಿ. ಅಡಿಕೆ ಕಾಯಿಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ಸಿಂಪಡಣೆಯನ್ನು ಅಡಿಕೆಗೆ ಹೇಳಿಕೊಟ್ಟವರು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಮಳೆಗಾಲಕ್ಕೆ ಮುಂಚೆ ನಮ್ಮ ತೋಟದಲ್ಲೂ ಔಷಧಿ ಹೊಡೆಸುವಾಗ ಚಾಕು ಅದ್ದದೆ ಡ್ರಮ್ಮನ್ನು ಮರದ ಬುಡಕ್ಕೆ ಒಯ್ಯಲು ನಾನು ಬಿಡುವುದಿಲ್ಲ.

ಪ್ರಶ್ನೆ: 0.300 ಗ್ರಾಂ ಸಂಯುಕ್ತವನ್ನು ಸುಟ್ಟಾಗ 0.440 ಗ್ರಾಂ ಇಂಗಾಲದ ಡೈಆಕ್ಸೈಡ್, 0.180 ಗ್ರಾಂ ನೀರು ಬಂತು. ಅದರಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಮಾತ್ರ ಇವೆ. ಎರಡರಲ್ಲೂ ಇರುವ ಆಮ್ಲಜನಕ ಕೂಡಿಸಿದೆ, ಉತ್ತರ ಬರಲಿಲ್ಲ.
— ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ನೀನು ಕೂಡಿಸಿದ ಆಮ್ಲಜನಕ ಎಷ್ಟಾಯಿತು ನೋಡಿದೆಯಾ? 0.320 ಮತ್ತು 0.160, ಒಟ್ಟು 0.480 ಗ್ರಾಂ. ಸುಟ್ಟ ವಸ್ತುವೇ 0.300 ಗ್ರಾಂ! ಉರಿಯಲು ಹೊರಗಿನಿಂದ ಕೊಟ್ಟ ಆಮ್ಲಜನಕವೂ ಇದರಲ್ಲಿ ಸೇರಿದೆ. ಇಂಗಾಲ, ಜಲಜನಕ ಮಾತ್ರ ಪೂರ್ತಿಯಾಗಿ ಸಂಯುಕ್ತದಿಂದ ಬಂದವು.

ಇಂಗಾಲ: 0.440ರಲ್ಲಿ 44ಕ್ಕೆ 12ರಂತೆ 0.120 ಗ್ರಾಂ. ಜಲಜನಕ: 0.180ರಲ್ಲಿ 18ಕ್ಕೆ 2ರಂತೆ 0.020 ಗ್ರಾಂ. ಎರಡನ್ನೂ 0.300ರಿಂದ ಕಳೆದರೆ ಆಮ್ಲಜನಕ 0.160. ಮೋಲ್‌ಗೆ ತಿರುಗಿಸಿದರೆ 0.010, 0.020, 0.010. ಒಂದು ಇಂಗಾಲಕ್ಕೆ ಎರಡು ಜಲಜನಕ, ಒಂದು ಆಮ್ಲಜನಕ. ಜರ್ಮನಿಯ ಲೀಬಿಗ್ 1831ರಲ್ಲಿ ಪೊಟ್ಯಾಶ್ ದ್ರಾವಣ ತುಂಬಿದ ಗಾಜಿನ ಬುರುಡೆಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿದು ತೂಗುವ ಉಪಾಯ ಮಾಡಿದ್ದರಿಂದ ಇಂಥ ವಿಶ್ಲೇಷಣೆ ಎಲ್ಲ ಪ್ರಯೋಗಾಲಯಗಳಿಗೂ ಬಂತು.

ಇದು ಯಾವ ವಸ್ತು ಎಂದು ಮಾತ್ರ ಇಷ್ಟರಿಂದ ಹೇಳಲಾಗದು. ಫಾರ್ಮಾಲ್ಡಿಹೈಡ್, ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ, ಗ್ಲೂಕೋಸ್ ಮೂರಕ್ಕೂ ಇದೇ ಎಂಪಿರಿಕಲ್ ಸೂತ್ರ. ಒಂದು ಮೋಲ್‌ನ ತೂಕ ಬೇರೆ ಪ್ರಯೋಗದಿಂದ ತಿಳಿಯಬೇಕು. 30 ಬಂದರೆ ಮೊದಲನೆಯದಕ್ಕೆ, 60 ಬಂದರೆ ಎರಡನೆಯದಕ್ಕೆ, 180 ಬಂದರೆ ಗ್ಲೂಕೋಸಿಗೆ ಹೊಂದುತ್ತದೆ.

ಪ್ರಶ್ನೆ: ಲ್ಯಾಬಿನಲ್ಲಿ ಮೆಗ್ನೀಸಿಯಂ ರಿಬ್ಬನ್ನನ್ನು ಮೂಸೆಯಲ್ಲಿ ಸುಟ್ಟೆವು. 0.48 ಗ್ರಾಂ ಹಾಕಿದ್ದು, ಬೂದಿ 0.76 ಗ್ರಾಂ ಬಂತು. ಲೆಕ್ಕ ಹಾಕಿದರೆ ಮೆಗ್ನೀಸಿಯಂ, ಆಮ್ಲಜನಕದ ಮೋಲ್‌ಗಳು 1 : 0.89. ಉಳಿದವರೆಲ್ಲ 0.80 ಎಂದು ಬರೆದು 1 : 1 ತೋರಿಸಿದರು. ನಾನು ಏನು ಬರೆಯಲಿ?
— ವಿದ್ಯಾರ್ಥಿ, ಹಾಸನ

ಉತ್ತರ: 0.76 ಎಂದೇ ಬರೆ. ಬೇರೆ ಯಾರು ಏನು ಬರೆದರು ಎಂಬುದು ಬೇಡ. ತಕ್ಕಡಿ ತೋರಿಸಿದ ಅಂಕಿಯನ್ನು ಬದಲಿಸಿದ ದಿನ ಪ್ರಯೋಗ ಸತ್ತುಹೋಗುತ್ತದೆ, ಉಳಿಯುವುದು ಹಾಳೆ ತುಂಬಿಸುವ ಕೆಲಸ. ಈ ವಿಷಯದಲ್ಲಿ ನಾನು ಯಾವ ಕಾಲಕ್ಕೂ ಸಡಿಲ ಬಿಟ್ಟವಳಲ್ಲ. ಮಕ್ಕಳು 1 : 1 ತೋರಿಸದಿದ್ದರೆ ಅಂಕ ಕಡಿಯುವ ಪದ್ಧತಿ ಎಲ್ಲಿದ್ದರೂ ಅದನ್ನು ಅಧ್ಯಾಪಕರು ಕೈಬಿಡಬೇಕು ಎಂದು ಇಲ್ಲಿಯೇ ಕೇಳಿಕೊಳ್ಳುತ್ತೇನೆ.

ನಿನ್ನ 0.89 ತಾನೇ ಪಾಠ ಹೇಳುತ್ತದೆ. ಮೆಗ್ನೀಸಿಯಂ 0.48 ಭಾಗಿಸು 24.3, ಅಂದರೆ 0.0198 ಮೋಲ್. ಸೇರಿದ ತೂಕ 0.28 ಗ್ರಾಂ, ಭಾಗಿಸು 16, ಅಂದರೆ 0.0175 ಮೋಲ್. ತೂಕ ಕಡಿಮೆ ಸೇರಿದೆ. ಏಕೆ? ಮುಚ್ಚಳ ಎತ್ತಿದಾಗ ಬಿಳಿ ಹೊಗೆ ಎದ್ದಿದ್ದರೆ ಅದು ಹೊಗೆಯಲ್ಲ, ನಿನ್ನ ಆಕ್ಸೈಡೇ ಹಾರಿಹೋದದ್ದು. ಮುಚ್ಚಳ ಎತ್ತದೇ ಇದ್ದರೆ ಒಳಗೆ ಗಾಳಿ ಸಾಲದೆ ಸ್ವಲ್ಪ ಲೋಹ ಹಾಗೇ ಉಳಿದಿರುತ್ತದೆ. ಇನ್ನೊಂದು ಕಾರಣ ಬಹಳ ಜನಕ್ಕೆ ಹೊಳೆಯುವುದಿಲ್ಲ: ಅಷ್ಟು ಬಿಸಿಯಲ್ಲಿ ಮೆಗ್ನೀಸಿಯಂ ಗಾಳಿಯ ಸಾರಜನಕದ ಜೊತೆಗೂ ಸೇರಿ ನೈಟ್ರೈಡ್ ಆಗುತ್ತದೆ. ಮೂರು ಮೆಗ್ನೀಸಿಯಂ ಆಮ್ಲಜನಕದ ಜೊತೆ ಸೇರಿದರೆ 48 ಪಾಲು ತೂಕ ಏರುತ್ತದೆ, ಸಾರಜನಕದ ಜೊತೆಯಾದರೆ 28 ಪಾಲು ಮಾತ್ರ.

ಇದಕ್ಕೆ ಪರಿಹಾರವಿದೆ. ಮೂಸೆ ಪೂರ್ತಿ ತಣ್ಣಗಾದ ಮೇಲೆ ಬೂದಿಗೆ ಕೆಲವು ಹನಿ ನೀರು ಹಾಕು. ನೈಟ್ರೈಡ್ ಇದ್ದರೆ ಅಮೋನಿಯದ ಘಾಟು ಬರುತ್ತದೆ, ಹತ್ತಿರದಿಂದ ಮೂಸಬೇಡ, ಕೈಯಿಂದ ಬೀಸಿಕೊಂಡು ನೋಡು. ಆಮೇಲೆ ಮೊದಲು ಸಣ್ಣ ಉರಿಯಲ್ಲಿ, ನಂತರ ಜೋರಾಗಿ ಕಾಯಿಸು, ಎಲ್ಲ ಆಕ್ಸೈಡ್ ಆಗುತ್ತದೆ. ತಣಿಸಿ ತೂಗು, ಮತ್ತೆ ಕಾಯಿಸಿ ತೂಗು, ಎರಡು ಸಲದ ತೂಕ ಒಂದೇ ಆಗುವವರೆಗೆ. ರೆಕಾರ್ಡಿನಲ್ಲಿ ನಿನ್ನ ಅಂಕಿಯ ಕೆಳಗೆ ಈ ಕಾರಣಗಳನ್ನು ಬರೆ.

ಪ್ರಶ್ನೆ: ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರದ ಚೀಲದ ಮೇಲೆ 18:46:0 ಅಂತ ಇರುತ್ತದೆ. ಅಂದರೆ ಶೇ 46 ರಂಜಕ ಇದೆಯೇ?
— ರೈತರು, ಹಾವೇರಿ

ಉತ್ತರ: ಇಲ್ಲ. 18 ಎಂಬುದು ಸಾರಜನಕವೇ ಹೌದು, 50 ಕೆಜಿ ಚೀಲದಲ್ಲಿ 9 ಕೆಜಿ. ಆದರೆ 46 ಎಂಬುದು ರಂಜಕದ ಪೆಂಟಾಕ್ಸೈಡಿನ ಲೆಕ್ಕದಲ್ಲಿ ಬರೆದದ್ದು. ಹಿಂದಿನ ರಸಾಯನಜ್ಞರು ವಿಶ್ಲೇಷಣೆಯ ಫಲಿತಾಂಶವನ್ನು ಆಕ್ಸೈಡಾಗಿ ಬರೆಯುತ್ತಿದ್ದರು, ಆ ರೂಢಿ ಗೊಬ್ಬರದಲ್ಲಿ ಉಳಿದಿದೆ. ಆ ಆಕ್ಸೈಡಿನ 141.9 ಪಾಲಿನಲ್ಲಿ ರಂಜಕ 61.9 ಪಾಲು. ಚೀಲಕ್ಕೆ 23 ಕೆಜಿ ಆಕ್ಸೈಡ್ ಎಂದರೆ ನಿಜವಾದ ರಂಜಕ 10 ಕೆಜಿ. ಪೊಟ್ಯಾಶ್ ಚೀಲವೂ ಹಾಗೆಯೇ, ಶೇ 60 ಎಂದು ಬರೆದಿದ್ದರೆ ಪೊಟ್ಯಾಶಿಯಂ ಸುಮಾರು ಶೇ 50. ಇದರಲ್ಲಿ ಮೋಸವೇನಿಲ್ಲ. ಕೃಷಿ ವಿಶ್ವವಿದ್ಯಾಲಯಗಳ ಶಿಫಾರಸುಗಳೂ ಇದೇ ಆಕ್ಸೈಡ್ ಲೆಕ್ಕದಲ್ಲಿ ಇರುವುದರಿಂದ ಎಕರೆಗೆ ಎಷ್ಟು ಚೀಲ ಎಂದು ನೋಡುವಾಗ ಚೀಲದ ಅಂಕಿಯನ್ನೇ ಹಿಡಿಯಿರಿ, ಎರಡು ಸಲ ಪರಿವರ್ತನೆ ಮಾಡಬೇಡಿ.

ಮುಂದಿನ ಸಂಚಿಕೆಗೆ ಒಂದು ಲೆಕ್ಕ: 2.50 ಗ್ರಾಂ ನೀಲಿ ಮೈಲುತುತ್ತವನ್ನು ಕಾಯಿಸಿದಾಗ 1.60 ಗ್ರಾಂ ಬಿಳಿ ಪುಡಿ ಉಳಿಯಿತು. ನೀರು ಬಿಟ್ಟ ತಾಮ್ರದ ಸಲ್ಫೇಟಿನ ಒಂದು ಮೋಲ್ 159.6 ಗ್ರಾಂ. ಒಂದು ತಾಮ್ರದ ಸಲ್ಫೇಟಿಗೆ ಎಷ್ಟು ನೀರಿನ ಅಣುಗಳು ಎಂದು ಈ ಅಂಕಿಗಳಿಂದಲೇ ತೋರಿಸಿ. ಅದೇ ಹರಳನ್ನು ಅರ್ಧಂಬರ್ಧ ಕಾಯಿಸಿದರೆ ಉತ್ತರ ಯಾವ ಕಡೆಗೆ ಸರಿಯುತ್ತದೆ, ಕಪ್ಪಾಗುವಷ್ಟು ಕಾಯಿಸಿದರೆ ಯಾವ ಕಡೆಗೆ, ಕಾರಣ ಸಹಿತ ಬರೆದು ಕಳಿಸಿ.